ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಕೇಳಿ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನಲ್ಲಿ, ಹೆದ್ದಾರಿ ಬದಿಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಎಲೆಕ್ಟ್ರಿಕ್ ಗಾಡಿಗಳಿಗೆ ಚಾರ್ಜಿಂಗ್ ಸ್ಟೇಷನ್ ಹಾಕಲು ಒಂದು ಕಂಪನಿ ನಮ್ಮ ಹತ್ತಿರ ಜಾಗ ಕೇಳಿದೆ. ರೆಸಾರ್ಟ್‌ಗಳ ಕಡೆ ತಿರುಗುವ ಕ್ರಾಸ್‌ನಲ್ಲಿರುವ ಪಂಚಾಯಿತಿ ಜಾಗ ಕೊಟ್ಟರೆ 60 ಕಿಲೋವ್ಯಾಟ್‌ನ ಒಂದು ದೊಡ್ಡ ಚಾರ್ಜರ್ ಹಾಕುತ್ತಾರಂತೆ. ನಮ್ಮ ಆಟೋದವರು ಬಸ್ ಸ್ಟ್ಯಾಂಡ್ ಹತ್ತಿರವೇ ಬೇಕು ಅನ್ನುತ್ತಾರೆ. ಹಾಕಿದ್ದು ಮಳೆಗಾಲದಲ್ಲಿ ಕೆಟ್ಟು ನಿಂತರೆ ಜನ ಬೈಯುವುದು ನಮ್ಮನ್ನೇ. ಎಲ್ಲಿ ಹಾಕಿಸಬೇಕು? ಕರಾರಿನಲ್ಲಿ ಏನೇನು ಬರೆಸಿಕೊಳ್ಳಬೇಕು?

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರ ನಿಧಾನ ಚಾರ್ಜಿಂಗ್‌ನ ನಾಲ್ಕೈದು ಪಾಯಿಂಟ್ ಮೊದಲು ಆಗಲಿ. ಕ್ರಾಸ್‌ನ ಜಾಗವನ್ನೂ ಕೊಡಿ, ಆದರೆ 60 ಕಿಲೋವ್ಯಾಟ್‌ನ ಒಂದು ಮಷೀನಿನ ಬದಲು 30ರ ಎರಡು ಹಾಕಲು ಹೇಳಿ. ಎರಡೂ ಜಾಗ ಒಂದೇ ಕರಾರಿನಲ್ಲಿ ಇರಲಿ. ಕ್ರಾಸ್ ಬೇಕು ಅನ್ನುವವರು ಬಸ್ ಸ್ಟ್ಯಾಂಡನ್ನೂ ನೋಡಿಕೊಳ್ಳಬೇಕು. ಯಾಕೆ ಅಂತ ಈಗ ಒಂದೊಂದಾಗಿ ಹೇಳುತ್ತೇನೆ. ನಾನು ಹಾಸನದವನು. ಬಹಳ ವರ್ಷ ವಿದ್ಯುತ್ ಲೈನುಗಳ ಕೆಲಸ ಮಾಡಿ, ಈಗ ಚಾರ್ಜಿಂಗ್ ಸ್ಟೇಷನ್‌ಗಳನ್ನು ಎಲ್ಲಿ, ಹೇಗೆ ಹಾಕಬೇಕು ಅನ್ನುವ ಕೆಲಸದಲ್ಲೇ ಇದ್ದೇನೆ. ನಿಮ್ಮ ಕಡೆಯ ರಸ್ತೆ ನನಗೆ ಚೆನ್ನಾಗಿ ಗೊತ್ತು.

ಒಂದು ಸಂಜೆಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಮಂಗಳೂರು ಕಡೆಯಿಂದ ಚಾರ್ಮಾಡಿ ಹತ್ತಿ ಬರುತ್ತಿದ್ದೆ. ಘಾಟಿ ಮುಗಿಯುವ ಹೊತ್ತಿಗೆ ನನ್ನ ಕಾರಿನಲ್ಲಿ 11% ಚಾರ್ಜ್ ಉಳಿದಿತ್ತು. ಮೇಲೆ ಒಂದು ಕಡೆ ಚಾರ್ಜರ್ ಇದೆ ಅಂತ ಆ್ಯಪ್‌ನಲ್ಲಿ ನೋಡಿಕೊಂಡೇ ಹೊರಟಿದ್ದೆ. ಹೋಗಿ ನಿಲ್ಲಿಸಿದೆ. ಕರೆಂಟ್ ಇತ್ತು. ಮಷೀನಿನ ಸ್ಕ್ರೀನ್ ಬೆಳಗುತ್ತಿತ್ತು. ಗನ್, ಅಂದರೆ ಕೇಬಲ್ ತುದಿಯ ಪ್ಲಗ್, ಗಾಡಿಗೆ ಚುಚ್ಚಿದರೆ ಮಾತ್ರ ಏನೂ ಆಗುತ್ತಿಲ್ಲ. ಸರ್ವರ್ ಸಂಪರ್ಕ ಇಲ್ಲ ಅಂತ ಒಂದೇ ಸಾಲು ಬರುತ್ತಿತ್ತು. ಮಳೆಗೆ ಮೊಬೈಲ್ ಸಿಗ್ನಲ್ ಹೋಗಿತ್ತು, ಅಷ್ಟೆ. ಸಿಗ್ನಲ್ ಇಲ್ಲದೆ ಆ ಮಷೀನಿಗೆ ಯಾರು ಬಂದಿದ್ದಾರೆ, ದುಡ್ಡು ಯಾರು ಕೊಡುತ್ತಾರೆ ಅಂತ ಗೊತ್ತಾಗುವುದಿಲ್ಲ. ಗೊತ್ತಾಗದೆ ಅದು ಕರೆಂಟ್ ಕೊಡುವುದಿಲ್ಲ.

ನನ್ನ ಪಕ್ಕದಲ್ಲೇ ಒಂದು ಎಲೆಕ್ಟ್ರಿಕ್ ಗೂಡ್ಸ್ ಆಟೋ ನಿಂತಿತ್ತು. ಹಿಂದೆ ಕೋಸು, ಟೊಮೆಟೊ ಕ್ರೇಟುಗಳು, ಮೇಲೆ ನೀಲಿ ಟಾರ್ಪಲ್. ಆ ಮಷೀನಿನ ಬದಿಯಲ್ಲಿ ಆಟೋದವರಿಗೆ ಅಂತಲೇ ಒಂದು ಸಾಕೆಟ್ ಇತ್ತು. ಅದೂ ಆ್ಯಪ್‌ನಿಂದಲೇ ಆನ್ ಆಗಬೇಕು. ಡ್ರೈವರ್ ಫೋನನ್ನು ಮೇಲೆತ್ತಿ ಹಿಡಿದು ರಸ್ತೆಯುದ್ದಕ್ಕೂ ಸಿಗ್ನಲ್ ಹುಡುಕಿದರು. ಕೊನೆಗೆ ಇಬ್ಬರೂ ಸೇರಿ ಗಾಡಿಯನ್ನು ಮುಂದಿನ ಪಂಕ್ಚರ್ ಅಂಗಡಿವರೆಗೆ ತಳ್ಳಿದೆವು. ಅಂಗಡಿಯವರು ಕಂಪ್ರೆಸರ್‌ನ ಪ್ಲಗ್ ಕಿತ್ತು ಇವರ ಚಾರ್ಜರ್ ಹಾಕಿಕೊಟ್ಟರು. ಮೂರು ಗಂಟೆ, ನೂರು ರೂಪಾಯಿ. ನಾನು ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಹೊರಟೆ. ನನಗೆ ಹೋಗಿದ್ದು ಒಂದು ರಾತ್ರಿಯ ನಿದ್ದೆ. ಅವರಿಗೆ ಹೋಗಿದ್ದು ಮಾರನೇ ದಿನದ ಲೋಡು, ಅಂದರೆ ಒಂದು ದಿನದ ದುಡಿಮೆ.

ಒಂದೇ ಮಷೀನ್ ಕೆಟ್ಟರೂ ನಷ್ಟ ಎಲ್ಲರಿಗೂ ಒಂದೇ ಅಲ್ಲ. ಮನೆಯಲ್ಲಿ ಚಾರ್ಜರ್ ಇರುವವರಿಗೆ, ಇನ್ನೊಂದು ಗಾಡಿ ಇರುವವರಿಗೆ ಅದು ತೊಂದರೆ. ಬೇರೆ ದಾರಿಯೇ ಇಲ್ಲದವರಿಗೆ ಅದು ಹೊಟ್ಟೆಪಾಡು. ಹಾಗಾಗಿ ನ್ಯಾಯವಾಗಿ ಹಂಚುವುದು ಬೇರೆ, ಕೆಡದ ಹಾಗೆ ನೋಡಿಕೊಳ್ಳುವುದು ಬೇರೆ ಅಂತ ನಾನು ಯೋಚನೆ ಮಾಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪಾಯಿಂಟ್ ಹಾಕಿಸಿ ಅದು ತಿಂಗಳಿಗೆ ಹತ್ತು ದಿನ ಸತ್ತು ಬಿದ್ದಿದ್ದರೆ ಆಟೋದವರಿಗೆ ಕೊಟ್ಟ ಹಾಗೇನೂ ಆಗಲಿಲ್ಲ, ಅಲ್ವಾ?

ಈಗ ಜಾಗದ ಮಾತು. ಕಂಪನಿಯವರು ಹೇಳದೇ ಇರಬಹುದಾದ ಒಂದು ವಿಷಯವಿದೆ. ಆ 60 ಕಿಲೋವ್ಯಾಟ್ ಮಷೀನಿನ ಗನ್ ನಿಮ್ಮ ಊರಿನ ಆಟೋಗಳಿಗೆ ಕೂರುವುದೇ ಇಲ್ಲ. ಅದು ಸಿಸಿಎಸ್-2 ಅನ್ನುವ, ಕಾರಿನ ಗನ್. ನಮ್ಮಲ್ಲಿ ಓಡುವ ಎಲೆಕ್ಟ್ರಿಕ್ ಆಟೋಗಳಲ್ಲಿ ಹೆಚ್ಚಿನವು 15–16 ಆಂಪಿಯರ್‌ನ ಸಾದಾ ಪ್ಲಗ್‌ನಿಂದ ಚಾರ್ಜ್ ಆಗುತ್ತವೆ. ಸ್ಕೂಟರ್‌ಗಳೂ ಬಹುತೇಕ ಹಾಗೇ. ಸ್ಕೂಟರ್‌ನಂಥ ಚಿಕ್ಕ ಗಾಡಿಗಳಿಗೆ ಅಂತ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಬೇರೆಯೇ ಒಂದು ಗನ್‌ಗೆ ಒಪ್ಪಿಗೆ ಕೊಟ್ಟಿದೆ. ಆದರೂ ಸಾದಾ ಸಾಕೆಟ್ ಇನ್ನೂ ಬಹಳ ಕಾಲ ಬೇಕು. ಹೀಗಾಗಿ ಕ್ರಾಸೋ ಬಸ್ ಸ್ಟ್ಯಾಂಡೋ ಅಂತ ನೀವು ಕೇಳಿದ್ದರ ಹಿಂದೆ ಇನ್ನೊಂದು ಪ್ರಶ್ನೆ ಇದೆ: ಯಾರ ಗಾಡಿಗೆ?

ಅದನ್ನು ತಿಳಿಯಲು ದೊಡ್ಡ ಸರ್ವೆ ಬೇಡ. ಒಂದು ನೋಟ್‌ಬುಕ್ ಸಾಕು. ಒಂದು ಸಂತೆ ದಿನ, ಒಂದು ಸಾಮಾನ್ಯ ದಿನ, ಒಂದು ಭಾನುವಾರ, ಹೀಗೆ ಮೂರು ದಿನ ಕೂತು ಬರೆಯಿರಿ. ಎಲೆಕ್ಟ್ರಿಕ್ ಗಾಡಿಗಳನ್ನಷ್ಟೇ ಲೆಕ್ಕ ಹಾಕಬೇಡಿ. ಪೆಟ್ರೋಲ್, ಗ್ಯಾಸ್ ಆಟೋದವರನ್ನೂ ಮಾತಾಡಿಸಿ, ಯಾಕೆಂದರೆ ಚಾರ್ಜಿಂಗ್ ಇಲ್ಲ ಅಂತಲೇ ಎಲೆಕ್ಟ್ರಿಕ್ ತೆಗೆದುಕೊಳ್ಳದವರು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಕೇಳಬೇಕಾದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಒಂದು: ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ? ಮನೆ ಅಂಗಳದಲ್ಲೋ, ರಸ್ತೆ ಬದಿಯಲ್ಲೋ, ಬಾಡಿಗೆ ಮನೆ ಮುಂದೆಯೋ, ತೋಟದ ಕೆಲಸದವರಿರುವ ಸಾಲು ಮನೆ, ಅಂದರೆ ಲೈನ್ ಮನೆ ಹತ್ತಿರವೋ? ಆಮೇಲೆ, ಮಧ್ಯಾಹ್ನ ಎಷ್ಟು ಹೊತ್ತು ಖಾಲಿ ನಿಲ್ಲುತ್ತದೆ, ಎಲ್ಲಿ?

ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಅರ್ಧ ಯೋಜನೆ ಇರುತ್ತದೆ. ಸ್ವಂತ ಮನೆ, ಸ್ವಂತ ಮೀಟರ್, ಅಂಗಳ ಇರುವವರು ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುತ್ತಾರೆ. ಅವರಿಗೆ ಸಾರ್ವಜನಿಕ ಚಾರ್ಜರ್ ಬೇಕಾಗುವುದು ದೂರ ಹೋದಾಗ ಮಾತ್ರ. ಲೈನ್ ಮನೆಯಲ್ಲಿರುವವರ ಹೆಸರಿಗೆ ಮೀಟರ್ ಇರುವುದಿಲ್ಲ. ಅಲ್ಲಿನ ವೈರಿಂಗ್ ಎರಡು ಬಲ್ಬು, ಒಂದು ಟಿವಿಗೆ ಅಂತ ಹಾಕಿದ್ದು. ಅದರ ಮೇಲೆ ನಾಲ್ಕು ಗಂಟೆ ಹೊತ್ತು 3 ಕಿಲೋವ್ಯಾಟ್ ಎಳೆಸಬಾರದು, ವೈರ್ ಬಿಸಿಯಾಗಿ ಬೆಂಕಿ ಬೀಳುವ ಅಪಾಯವಿದೆ. ಬಾಡಿಗೆ ಮನೆಯವರಿಗೆ ಓನರ್ ಒಪ್ಪಬೇಕು. ನಿಮ್ಮ ಬಸ್ ಸ್ಟ್ಯಾಂಡ್ ಪಾಯಿಂಟ್ ಇವರದ್ದು.

ದುಡ್ಡಿನ ಲೆಕ್ಕವನ್ನೂ ನೋಡಿ. ಒಂದು ಪ್ಯಾಸೆಂಜರ್ ಆಟೋಗೆ ದಿನಕ್ಕೆ 8 ಯೂನಿಟ್ ಬೇಕು ಅಂತಿಟ್ಟುಕೊಳ್ಳಿ. ಮನೆಯಲ್ಲಿ ಯೂನಿಟ್‌ಗೆ 6 ರೂಪಾಯಿ ಹಿಡಿದರೆ 48 ರೂಪಾಯಿ. ಹೊರಗೆ ಫಾಸ್ಟ್ ಚಾರ್ಜರ್‌ನಲ್ಲಿ 20 ರೂಪಾಯಿ ಆದರೆ 160. ದಿನಕ್ಕೆ 112 ರೂಪಾಯಿ ವ್ಯತ್ಯಾಸ, ತಿಂಗಳಿಗೆ 25 ದಿನ ಓಡಿಸಿದರೆ 2,800. ಇದರ ಮೇಲೆ ಚಾರ್ಜಿಂಗ್ ಸೇವೆಗೆ 18% ಜಿಎಸ್‌ಟಿ ಬೇರೆ ಇದೆ, ಗಾಡಿ ಕೊಳ್ಳುವಾಗ ಮಾತ್ರ 5%. ಅಂದರೆ ಮನೆ, ಅಂಗಳ ಇಲ್ಲದವರೇ ಜಾಸ್ತಿ ಕೊಡುವ ಹಾಗೆ ಆಗುತ್ತದೆ. ಬಸ್ ಸ್ಟ್ಯಾಂಡಿನ ನಿಧಾನ ಪಾಯಿಂಟ್‌ನ ದರಕ್ಕೆ ಕರಾರಿನಲ್ಲೇ ಒಂದು ಮಿತಿ ಹಾಕಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಸಾದಾ ಸಾಕೆಟ್ ಪಾಯಿಂಟ್ ಹಾಕಲು ಫಾಸ್ಟ್ ಚಾರ್ಜರ್‌ನಷ್ಟು ಖರ್ಚಿಲ್ಲ. ಅಷ್ಟು ದರ ಕೇಳಲು ಕಾರಣವೂ ಇಲ್ಲ.

ಹೊತ್ತೂ ನಮ್ಮ ಕಡೆಗಿದೆ. ಕೇಂದ್ರ ವಿದ್ಯುತ್ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗ್ ಸ್ಟೇಷನ್‌ಗೆ ಕರೆಂಟ್ ಅಗ್ಗವಾಗಿ, ಉಳಿದ ಹೊತ್ತಿನಲ್ಲಿ ದುಬಾರಿಯಾಗಿ ಕೊಡಬೇಕು ಅಂತ ಇದೆ. ಹಗಲು ಸೌರ ವಿದ್ಯುತ್ ಧಾರಾಳವಾಗಿ ಸಿಗುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಒಂದರದ್ದೇ 2,050 ಮೆಗಾವ್ಯಾಟ್. ನಿಮ್ಮ ಊರಿನಲ್ಲಿ ಮೋಡ ಕವಿದಿದ್ದರೂ ಗ್ರಿಡ್‌ನಲ್ಲಿ ಆ ಕರೆಂಟ್ ಇರುತ್ತದೆ. ಆಟೋದವರು ಊಟಕ್ಕೆ ನಿಲ್ಲಿಸುವುದು ಮಧ್ಯಾಹ್ನ ಒಂದರಿಂದ ಮೂರರವರೆಗೆ. ಆ ಎರಡು ಗಂಟೆಯಲ್ಲಿ ಸಾದಾ ಸಾಕೆಟ್‌ನಿಂದ ಸುಮಾರು 6 ಯೂನಿಟ್ ಸೇರುತ್ತದೆ. ಸಂಜೆವರೆಗೆ ಧೈರ್ಯವಾಗಿ ಬಾಡಿಗೆಗೆ ಹೋಗಬಹುದು. ಹಗಲಿನ ಅಗ್ಗದ ದರ ಕಂಪನಿಯ ಲೆಕ್ಕದಲ್ಲೇ ಉಳಿಯದೆ ಆಟೋದವರ ಕೈಗೂ ಸಿಗಬೇಕು ಅಂತ ಬರೆಸಿ.

ಇನ್ನು ಕ್ರಾಸ್. ಅದು ಬೇಡ ಅಂತ ನಾನು ಹೇಳುವುದಿಲ್ಲ. ಘಾಟಿ ಹತ್ತಿ ಬರುವವರಿಗೆ ಮೇಲೆ ಒಂದು ಆಸರೆ ಬೇಕೇ ಬೇಕು. ಒಂದು ಲೆಕ್ಕ ಕೊಡುತ್ತೇನೆ. 1,500 ಕೆ.ಜಿ. ತೂಕದ ಕಾರು 800 ಮೀಟರ್ ಎತ್ತರ ಏರಲು, ಬರೀ ಆ ತೂಕ ಎತ್ತಲಿಕ್ಕೆ ಸುಮಾರು 3.3 ಯೂನಿಟ್ ಬೇಕು. ಮೋಟಾರಿನಲ್ಲಿ ಪೋಲಾಗುವುದು ಸೇರಿದರೆ 4 ಯೂನಿಟ್ ಹತ್ತಿರ. ಸಮತಟ್ಟು ರಸ್ತೆಯಲ್ಲಿ ಯೂನಿಟ್‌ಗೆ 7 ಕಿಲೋಮೀಟರ್ ಓಡುವ ಕಾರಿಗೆ ಇದು 28 ಕಿಲೋಮೀಟರ್ ಕಳೆದ ಹಾಗೆ. ಚಿಕ್ಕಮಗಳೂರು ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ 1,930 ಮೀಟರ್. ಕರಾವಳಿಯಿಂದ ಮಲೆನಾಡಿಗೆ ಬರುವವರಂತೂ ಮೊದಲೇ ಒಂದು ಘಾಟಿ ಹತ್ತಿರುತ್ತಾರೆ. ನಕ್ಷೆಯ ಮೇಲೆ 25 ಕಿಲೋಮೀಟರಿಗೆ ಒಂದು ಅಂತ ಚುಕ್ಕಿ ಇಟ್ಟು ಹೋಗುವವರು ಈ ಏರನ್ನು ಮರೆಯುತ್ತಾರೆ. 2022ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲಿ ನಗರಗಳಲ್ಲಿ 3 ಕಿಲೋಮೀಟರ್ ಚೌಕಕ್ಕೆ ಒಂದು, ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿಲೋಮೀಟರಿಗೆ ಒಂದು ಸ್ಟೇಷನ್ ಅಂತ ಇತ್ತು. ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಏರು ಮುಗಿಯುವ ಜಾಗ ನೋಡಿ ಇಡಬೇಕು.

ಇಳಿಯುವಾಗ ಕತೆ ಬೇರೆ. ಘಾಟಿ ಇಳಿಯುವ ಕಾರು ಬ್ರೇಕಿನಿಂದಲೇ ಬ್ಯಾಟರಿಗೆ ಒಂದಿಷ್ಟು ವಾಪಸ್ ತುಂಬಿಕೊಳ್ಳುತ್ತದೆ. ಆದರೆ ಬ್ಯಾಟರಿ 100% ತುಂಬಿದ್ದರೆ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಆಗ ಆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ, ಮಾಮೂಲಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಕ್ರಾಸ್‌ನಲ್ಲಿ ಒಂದು ಬೋರ್ಡ್ ಹಾಕಿಸಿ: ಘಾಟಿ ಇಳಿಯುವವರು 80%ಗೆ ನಿಲ್ಲಿಸಿ. ಹೇಗೂ 80 ದಾಟಿದ ಮೇಲೆ ಯಾವ ಕಾರೂ ನಿಧಾನವಾಗಿಯೇ ತುಂಬುವುದು. ಹಿಂದೆ ಕಾಯುವವರಿಗೂ ಅನುಕೂಲ.

60ರ ಒಂದಕ್ಕಿಂತ 30ರ ಎರಡು ಯಾಕೆ ಅಂದೆ? ಬರೀ ವೇಗ ನೋಡಿದರೆ 60ರ ಮಷೀನ್ ಕೆಟ್ಟದ್ದಲ್ಲ, ಬೇಗ ಮುಗಿಸಿ ಕಳಿಸುತ್ತದೆ. ಆದರೆ ಸಣ್ಣ ಕಾರುಗಳಲ್ಲಿ ಹಲವು ಅಷ್ಟು ವೇಗ ತೆಗೆದುಕೊಳ್ಳುವುದೇ ಇಲ್ಲ. 30ರ ಮಷೀನಿನಲ್ಲಿ ಅರ್ಧ ಗಂಟೆಗೆ 15 ಯೂನಿಟ್, ಅಂದರೆ ನೂರು ಕಿಲೋಮೀಟರ್. ನೀರುದೋಸೆ ತಿಂದು, ಕಾಫಿ ಕುಡಿದು ಏಳುವಷ್ಟು ಹೊತ್ತು. ಪ್ರವಾಸಿಗೆ ಸಾಕು. ಮುಖ್ಯವಾದದ್ದು ಕೆಟ್ಟ ದಿನದ ಲೆಕ್ಕ. ಒಂದು ಮಷೀನ್ ನೂರರಲ್ಲಿ 90 ದಿನ ಸರಿ ಇರುತ್ತದೆ ಅಂದುಕೊಳ್ಳಿ. ಒಂದೇ ಇದ್ದರೆ ವರ್ಷಕ್ಕೆ 36 ದಿನ ನಿಮ್ಮ ಊರಿನಲ್ಲಿ ಚಾರ್ಜಿಂಗ್ ಇಲ್ಲ. ಎರಡಿದ್ದು, ಒಂದು ಕೆಟ್ಟದ್ದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಕೆಡುವುದು ವರ್ಷಕ್ಕೆ ನಾಲ್ಕು ದಿನಕ್ಕಿಂತ ಕಡಿಮೆ.

ಆ ‘ಸಂಬಂಧ ಇಲ್ಲದಿದ್ದರೆ’ ಅನ್ನುವ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಎರಡೂ ಮಷೀನು ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್), ಒಂದೇ ಕಂಪನಿಯ ಸಿಮ್, ಒಂದೇ ಸರ್ವರ್ ನಂಬಿದ್ದರೆ ಅವು ಎರಡಲ್ಲ, ಒಂದೇ. ಟಿಸಿ ಸುಟ್ಟರೆ ಎರಡೂ ಸತ್ತವು. ಬಸ್ ಸ್ಟ್ಯಾಂಡ್ ಮತ್ತು ಕ್ರಾಸ್ ಬೇರೆ ಬೇರೆ ಟಿಸಿ ಮೇಲೆ, ಸಾಧ್ಯವಾದರೆ ಬೇರೆ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಮೇಲೆ ಇರಲಿ. ನಿಮ್ಮ ಸೆಕ್ಷನ್ ಆಫೀಸಿನ ಮೆಸ್ಕಾಂ ಇಂಜಿನಿಯರ್ ಹತ್ತಿರ ಕೂತು ಇದೊಂದನ್ನು ನಕ್ಷೆಯಲ್ಲಿ ತೋರಿಸಿ ಅಂತ ಕೇಳಿ.

ಹಾಗೇ ಟಿಸಿಯ ಸಾಮರ್ಥ್ಯವನ್ನೂ ಕೇಳಿ. ಹಳ್ಳಿಗಳಲ್ಲಿ ಇರುವುದು ಸಾಮಾನ್ಯವಾಗಿ 25, 63 ಅಥವಾ 100 ಕೆವಿಎ. 60 ಕಿಲೋವ್ಯಾಟ್ ಮಷೀನ್ ಒಂದೇ 100 ಕೆವಿಎ ಟಿಸಿಯ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವರಳಲು ಬೇಕಾದ ಹೂಮಳೆ ಬಾರದೆ ತೋಟದವರೆಲ್ಲ ಸ್ಪ್ರಿಂಕ್ಲರ್ ಹಾಕುವ ದಿನಗಳನ್ನು ನೆನಪಿಸಿಕೊಳ್ಳಿ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುತ್ತವೆ, ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಬಿದ್ದರೆ ಫಾಸ್ಟ್ ಚಾರ್ಜರ್ ತಾನಾಗಿ ಆಫ್ ಆಗುತ್ತದೆ. ಸುತ್ತಲಿನ ಮನೆಗಳ ದೀಪವೂ ಮಂಕಾಗುತ್ತದೆ. ಪ್ರವಾಸಿ ಕಾರಿಗೋಸ್ಕರ ನಮ್ಮ ಮನೆ ಮಿಕ್ಸಿ ತಿರುಗುತ್ತಿಲ್ಲ ಅಂತ ಜನ ಹೇಳಿದರೆ ಅದು ನ್ಯಾಯವಾದ ಮಾತೇ. ಕ್ರಾಸ್‌ನ ಚಾರ್ಜರ್‌ಗೆ ಕಂಪನಿ ತನ್ನದೇ ಟಿಸಿ ಹಾಕಿಸಬೇಕು. ಬಸ್ ಸ್ಟ್ಯಾಂಡಿನ ನಾಲ್ಕು ಸಾಕೆಟ್ ಎಲ್ಲ ಸೇರಿ 13 ಕಿಲೋವ್ಯಾಟ್. ಇರುವ ಟಿಸಿಯಲ್ಲಿ ಜಾಗ ಇದ್ದರೆ ಅದಕ್ಕೇ ಸೇರಿಸಬಹುದು. ಹೊಸ ಕನೆಕ್ಷನ್ ತಡವಾಗುತ್ತದೆ ಅಂತ ಯಾರಾದರೂ ಹೇಳಿದರೆ ಒಂದು ವಿಷಯ ಗೊತ್ತಿರಲಿ. ಲೈನ್ ಹೊಸದಾಗಿ ಎಳೆಯಬೇಕಾಗಿಲ್ಲದಿದ್ದರೆ ಹಳ್ಳಿಗಳಲ್ಲಿ 15 ದಿನ, ಗುಡ್ಡಗಾಡು ಹಳ್ಳಿಗಳಲ್ಲಿ 30 ದಿನದೊಳಗೆ ಕೊಡಬೇಕು ಅಂತ 2024ರ ಫೆಬ್ರವರಿಯಲ್ಲಿ ತಿದ್ದಿದ ಕೇಂದ್ರದ ಗ್ರಾಹಕ ಹಕ್ಕು ನಿಯಮದಲ್ಲಿದೆ.

ಇಲ್ಲಿ ನಿಮ್ಮ ಸಭೆಯಲ್ಲಿ ಒಂದು ಜಗಳ ಬರುತ್ತದೆ ಅಂತ ನನಗೆ ಅನುಭವದಿಂದ ಗೊತ್ತು. ಪ್ರತಿ ವಾರ್ಡಿನ ಸದಸ್ಯರೂ ನಮ್ಮ ಕಡೆಗೊಂದು ಅನ್ನುತ್ತಾರೆ. ಸಾದಾ ಸಾಕೆಟ್‌ಗಳನ್ನು ಹಾಗೆ ಹಂಚಿ, ತಪ್ಪಿಲ್ಲ. ಹಂಚಿದಷ್ಟೂ ಒಳ್ಳೆಯದು, ಗಾಡಿ ನಿಲ್ಲುವ ಕಡೆಗೇ ಹೋಗುತ್ತದೆ. ಆದರೆ ಫಾಸ್ಟ್ ಚಾರ್ಜರ್‌ಗಳನ್ನು ಒಂಟಿಯಾಗಿ ಹಂಚಬೇಡಿ. ಒಬ್ಬೊಬ್ಬರಿಗೆ ಸರಾಸರಿ 40 ನಿಮಿಷ ಬೇಕು, ಮಷೀನ್ ನೂರರಲ್ಲಿ 60 ಪಾಲು ಹೊತ್ತು ಕೆಲಸದಲ್ಲಿರುತ್ತದೆ, ಗಾಡಿಗಳು ಯಾವಾಗ ಬೇಕಾದರೂ ಬರುತ್ತವೆ ಅಂದುಕೊಳ್ಳಿ. ಒಂಟಿ ಮಷೀನಿನಲ್ಲಿ ಸರಾಸರಿ 60 ನಿಮಿಷ ಕಾಯಬೇಕು. ಅಂಥವೇ ಎರಡನ್ನು ಪಕ್ಕಪಕ್ಕ ಇಟ್ಟು, ಗಾಡಿಗಳೂ ಎರಡರಷ್ಟು ಬಂದರೆ ಕಾಯುವುದು 22 ನಿಮಿಷ ಮಾತ್ರ. ಬ್ಯಾಂಕಿನಲ್ಲಿ ಎರಡು ಕೌಂಟರಿಗೂ ಒಂದೇ ಸಾಲು ಇದ್ದರೆ ಬೇಗ ಸಾಗುತ್ತದಲ್ಲ, ಅದೇ ಲೆಕ್ಕ.

ಎಲ್ಲಿ ಇಟ್ಟರೆ ನ್ಯಾಯ ಅನ್ನುವ ಪ್ರಶ್ನೆಗೆ ಗಣಿತದವರು ಅರವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. 1964ರಲ್ಲಿ ಹಕಿಮಿ ಅನ್ನುವವರು ಎರಡು ಬೇರೆ ಬೇರೆ ಗುರಿಗಳನ್ನು ತೋರಿಸಿಕೊಟ್ಟರು. ಒಂದು, ಎಲ್ಲರೂ ಹೋಗಬೇಕಾದ ಒಟ್ಟು ದೂರವನ್ನು ಕಡಿಮೆ ಮಾಡುವುದು. ಇನ್ನೊಂದು, ಅತಿ ದೂರದಲ್ಲಿರುವವರ ದೂರವನ್ನು ಕಡಿಮೆ ಮಾಡುವುದು. ಪೇಟೆಯಲ್ಲಿ 100 ಗಾಡಿ, 20 ಕಿಲೋಮೀಟರ್ ಆಚೆ ಹಳ್ಳಿಯಲ್ಲಿ 10 ಗಾಡಿ ಇದ್ದರೆ ಮೊದಲ ಲೆಕ್ಕ ಚಾರ್ಜರನ್ನು ಪೇಟೆಯಲ್ಲೇ ಇಡುತ್ತದೆ. ಎರಡನೆಯದು ನಡುವೆ ಇಡುತ್ತದೆ. 2005ರಲ್ಲಿ ಕ್ಯೂಬಿ ಮತ್ತು ಲಿಮ್ ಅನ್ನುವ ಸಂಶೋಧಕರು ಇನ್ನೊಂದು ಕಡೆಯಿಂದ ನೋಡಿದರು: ಜನ ಎಲ್ಲಿದ್ದಾರೆ ಅನ್ನುವುದಕ್ಕಿಂತ ಗಾಡಿಗಳು ಯಾವ ದಾರಿಯಲ್ಲಿ ಹರಿಯುತ್ತವೆ ಅಂತ ನೋಡಿ ಇಡಿ. ಕಂಪನಿಯವರು ಬಳಸುವುದು ಈ ಮೂರನೆಯದನ್ನು. ಹೆದ್ದಾರಿಗೆ ಅದೇ ಸರಿ ಕೂಡ. ಆದರೆ ಪಂಚಾಯಿತಿಯ ಕೆಲಸ ಎರಡನೆಯ ಲೆಕ್ಕವನ್ನು ಮೇಜಿನ ಮೇಲೆ ಇಡುವುದು. ಬೇರೆ ಯಾರೂ ಇಡುವುದಿಲ್ಲ. 2024ರ ಕೊನೆಗೆ ರಾಜ್ಯದಲ್ಲಿ ಐದು ಸಾವಿರಕ್ಕೂ ಜಾಸ್ತಿ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ ಇದ್ದವು, ದೇಶದಲ್ಲೇ ಮೊದಲ ಸ್ಥಾನ. ಆದರೆ ಅದರಲ್ಲಿ ಬಹುಪಾಲು ಇರುವುದು ಬೆಂಗಳೂರಿನಲ್ಲಿ. ಬರೀ ಮೊದಲ ಮತ್ತು ಮೂರನೆಯ ಲೆಕ್ಕ ಹಾಕಿದರೆ ಹೀಗೇ ಆಗುವುದು.

ಅದಕ್ಕೇ ಎರಡೂ ಜಾಗ ಒಂದೇ ಕರಾರಿನಲ್ಲಿ ಅಂದದ್ದು. ಸರ್ಕಾರಿ ಬಸ್ಸಿನವರು ದುಡ್ಡು ಬರುವ ರೂಟನ್ನೂ ಓಡಿಸುತ್ತಾರೆ, ಕಳಸದ ಆಚೆಯ ಹಳ್ಳಿಗೂ ದಿನಕ್ಕೆರಡು ಟ್ರಿಪ್ ಹಾಕುತ್ತಾರೆ. ಹಾಗೇ ಇದು. ಕ್ರಾಸ್‌ನ ವ್ಯಾಪಾರ ಬಸ್ ಸ್ಟ್ಯಾಂಡಿನ ನಿರ್ವಹಣೆಯನ್ನು ಹೊರಲಿ. ಸರ್ಕಾರಿ ಜಾಗ ಕೊಡುವಾಗ ಯೂನಿಟ್‌ಗೆ ಕನಿಷ್ಠ 1 ರೂಪಾಯಿ ಪಾಲು ಪಡೆಯುವ ಒಂದು ಮಾದರಿ 2022ರ ಮಾರ್ಗಸೂಚಿಯಲ್ಲೇ ಇತ್ತು, 10 ವರ್ಷದ ಅವಧಿಗೆ. ಆ ಪಾಲು ಬಂದರೆ ಪಂಚಾಯಿತಿ ಅದನ್ನು ಬಸ್ ಸ್ಟ್ಯಾಂಡ್ ಪಾಯಿಂಟ್ ನೋಡಿಕೊಳ್ಳುವವರ ಸಂಬಳಕ್ಕೆ ಹಾಕಬಹುದು.

ಈಗ ಕೆಡುವ ವಿಷಯ. ಕಂಪನಿಯವರು 98% ಅಪ್‌ಟೈಮ್ ಕೊಡುತ್ತೇವೆ, ಅಂದರೆ ನೂರರಲ್ಲಿ 98 ಪಾಲು ಹೊತ್ತು ಮಷೀನ್ ಸರಿ ಇರುತ್ತದೆ ಅನ್ನುತ್ತಾರೆ. ಒಪ್ಪಿಕೊಳ್ಳುವ ಮುಂಚೆ ಅಳೆಯುವುದು ಹೇಗೆ ಅಂತ ಕೇಳಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಪ್ರದೇಶದಲ್ಲಿ 2022ರಲ್ಲಿ ಒಂದು ತಂಡ 657 ಸಾರ್ವಜನಿಕ ಫಾಸ್ಟ್ ಚಾರ್ಜಿಂಗ್ ಗನ್‌ಗಳನ್ನು ಒಂದೊಂದಾಗಿ ಹೋಗಿ ಪರೀಕ್ಷೆ ಮಾಡಿತು. ಕೆಲಸ ಮಾಡುತ್ತಿದ್ದದ್ದು 72.5% ಮಾತ್ರ. ಕಂಪನಿಗಳು ಹೇಳುತ್ತಿದ್ದದ್ದು 95ರಿಂದ 98%. ಇಬ್ಬರೂ ಅಳೆದದ್ದು ಬೇರೆ ಬೇರೆ. ಮಷೀನಿಗೆ ಕರೆಂಟ್ ಇದೆ, ಸರ್ವರ್‌ಗೆ ಕಾಣುತ್ತಿದೆ ಅಂದರೆ ಕಂಪನಿಗೆ ಸರಿ. ಆದರೆ ಪೇಮೆಂಟ್ ಆಗದಿದ್ದರೆ, ಸ್ಕ್ರೀನ್ ಸತ್ತಿದ್ದರೆ, ಗನ್ ಮುರಿದಿದ್ದರೆ ಜನರಿಗೆ ಅದು ಕೆಟ್ಟ ಚಾರ್ಜರ್. ಸುಮಾರು 5% ಕಡೆ ಕೇಬಲ್ ಗಾಡಿವರೆಗೆ ಎಟುಕುತ್ತಲೇ ಇರಲಿಲ್ಲ! ಇಂಥದ್ದನ್ನು ಜಾಗ ಗುರುತು ಮಾಡುವ ದಿನವೇ ಒಂದು ಹಗ್ಗ ಹಿಡಿದು ಅಳೆದರೆ ಸಾಕು.

ಆದ್ದರಿಂದ ಕರಾರಿನಲ್ಲಿ ಹೀಗೆ ಬರೆಸಿ: ಒಬ್ಬರು ಬಂದು ಗನ್ ಚುಚ್ಚಿದರೆ ಚಾರ್ಜ್ ಶುರುವಾಗಿ ಮುಗಿಯಬೇಕು, ಆಗಲಿಲ್ಲ ಅಂದರೆ ಆ ಹೊತ್ತು ಕೆಟ್ಟ ಹೊತ್ತು. ಕಾರಣ ಸಿಗ್ನಲ್ ಆದರೂ ಸರಿ, ಸರ್ವರ್ ಆದರೂ ಸರಿ. ಬ್ರಿಟನ್ನಿನಲ್ಲಿ 2023ರ ನಿಯಮದ ಪ್ರಕಾರ ಫಾಸ್ಟ್ ಚಾರ್ಜರ್ ಜಾಲಗಳು ಸರಾಸರಿ 99% ಹೊತ್ತು ಸರಿ ಇರಬೇಕು, ಜೊತೆಗೆ ದಿನದ 24 ಗಂಟೆ ಉಚಿತ ಸಹಾಯವಾಣಿ ಇರಬೇಕು. ಅಮೆರಿಕದಲ್ಲಿ ಕೇಂದ್ರದ ದುಡ್ಡು ಪಡೆದವರಿಗೆ 97%. ಕೇಳಲು ಹತ್ತಿರ ಹತ್ತಿರ ಅನಿಸುತ್ತದೆ. ಆದರೆ 99 ಅಂದರೆ ವರ್ಷಕ್ಕೆ ನಾಲ್ಕು ದಿನಕ್ಕಿಂತ ಕಡಿಮೆ ಕೆಟ್ಟಿರುವುದು, 97 ಅಂದರೆ 11 ದಿನ. ಆ 11 ದಿನ ದಸರಾ ರಜೆಯಲ್ಲೇ ಬಂದರೆ? ಹಾಸನದಲ್ಲಿ ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಆಗ ಚಾರ್ಜರ್ ಕೆಟ್ಟರೆ ವರ್ಷದ ಸರಾಸರಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಲೆಕ್ಕವನ್ನು ತಿಂಗಳಿಗೊಮ್ಮೆ, ಸ್ಟೇಷನ್‌ಗೊಂದು ಅಂತ ಮಾಡಿಸಿ. ವರ್ಷದ, ಇಡೀ ರಾಜ್ಯದ ಸರಾಸರಿ ಬೇಡ.

ಮಲೆನಾಡಿನ ಮಳೆಗೆ ಬೇಕಾದ ಕೆಲವು ವಿಷಯ ಬಿಡದೆ ಕೇಳಿ. ಮೇಲೆ ಸರಿಯಾದ ಶೀಟಿನ ಮಾಡು, ಗಾಳಿಮಳೆ ಓರೆಯಾಗಿ ಹೊಡೆದರೂ ಗನ್ ನೆನೆಯದಷ್ಟು ಅಗಲ. ನೆಲದಿಂದ ಎತ್ತರದ ಕಟ್ಟೆ. ಏಪ್ರಿಲ್, ಮೇ ಸಿಡಿಲಿನಿಂದ ಮಷೀನ್ ಕಾಯಲು ಸರ್ಜ್ ಅರೆಸ್ಟರ್. ಪ್ರತ್ಯೇಕ ಅರ್ತಿಂಗ್, ಅದನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಪರೀಕ್ಷೆ ಮಾಡಿ ಬರೆದಿಡಬೇಕು. ಕರೆಂಟ್ ಸೋರಿಕೆಯಾದರೆ ತಕ್ಷಣ ಕಡಿಯುವ ಬ್ರೇಕರ್ ಪ್ರತಿ ಸಾಕೆಟ್‌ಗೂ ಬೇರೆ ಬೇರೆ. ಎಲ್ಲಕ್ಕೂ ಒಂದೇ ಹಾಕಿದರೆ ಒಂದು ಗಾಡಿಯ ಒದ್ದೆ ಪ್ಲಗ್‌ನಿಂದ ಎಲ್ಲವೂ ಆಫ್ ಆಗುತ್ತವೆ. ಸಿಗ್ನಲ್‌ಗೆ ಎರಡು ಬೇರೆ ಕಂಪನಿಯ ಸಿಮ್. ಸಿಗ್ನಲ್ ಪೂರ್ತಿ ಹೋದರೂ ಕಾರ್ಡ್ ಮುಟ್ಟಿಸಿದರೆ ಶುರುವಾಗುವ ವ್ಯವಸ್ಥೆ. ಇದು ಕಷ್ಟದ ಕೆಲಸವೇನಲ್ಲ. ಚಾರ್ಜರ್‌ಗಳು ಸರ್ವರ್ ಜೊತೆ ಮಾತಾಡುವ ಒಸಿಪಿಪಿ ಅನ್ನುವ ಮುಕ್ತ ಭಾಷೆಯಲ್ಲೇ ಮಷೀನಿನೊಳಗೆ ಗ್ರಾಹಕರ ಪಟ್ಟಿ ಇಟ್ಟುಕೊಳ್ಳುವ ಅನುಕೂಲವಿದೆ. ಅದನ್ನು ಆನ್ ಮಾಡಿರುವುದಿಲ್ಲ, ಅಷ್ಟೆ. ಮಷೀನ್ ಒಸಿಪಿಪಿಯದ್ದೇ ಆಗಿರಲಿ ಅಂತಲೂ ಬರೆಸಿ. ನಾಳೆ ಆ ಕಂಪನಿ ಬಿಟ್ಟು ಹೋದರೂ ಇನ್ನೊಬ್ಬರು ಅದೇ ಮಷೀನ್ ನಡೆಸಬಹುದು.

ಪೇಮೆಂಟ್‌ಗೆ ಬರೀ ಅವರ ಆ್ಯಪ್ ಸಾಲದು. ಯುಪಿಐ ಇರಲಿ, ಕಾರ್ಡ್ ಇರಲಿ. ಬೇಲೂರು ದಾಟಿದರೆ ಸೆಸ್ಕ್ ಅನ್ನುವ ವಿದ್ಯುತ್ ಕಂಪನಿಯ ವ್ಯಾಪ್ತಿ ಮುಗಿದು ಮೆಸ್ಕಾಂನದ್ದು ಶುರುವಾಗುತ್ತದೆ, ಗಾಡಿಗೆ ಆ ಗಡಿ ಗೊತ್ತಿಲ್ಲ. ಬೇಲೂರಿನ ಆಟೋದವರು ಮೂಡಿಗೆರೆಗೆ ಬಂದಾಗ ಇನ್ನೊಂದು ಆ್ಯಪ್ ಇಳಿಸಿ, ಅದರಲ್ಲಿ 500 ರೂಪಾಯಿ ಮುಂಗಡ ತುಂಬಿ ಅಂದರೆ ಅವರು ತಿರುಗಿ ಬರುವುದಿಲ್ಲ. ಸ್ಕ್ರೀನಿನಲ್ಲೂ ಬೋರ್ಡಿನಲ್ಲೂ ಕನ್ನಡ ಇರಲಿ, ಯೂನಿಟ್ ದರ ದೊಡ್ಡ ಅಕ್ಷರದಲ್ಲಿ ಕಾಣಲಿ.

ಮತ್ತೆ ಆ ಪಂಕ್ಚರ್ ಅಂಗಡಿಗೆ ಬರುತ್ತೇನೆ. ಆವತ್ತು ಆ ಸಂಜೆ ಇಡೀ ರಸ್ತೆಯಲ್ಲಿ ಕೆಲಸ ಮಾಡಿದ ಚಾರ್ಜರ್ ಅದೊಂದೇ. ಯಾಕೆ? ಅಲ್ಲಿ ಒಬ್ಬ ಮನುಷ್ಯ ಇದ್ದ. ಪ್ಲಗ್ ಸಡಿಲ ಇದ್ದರೆ ಸರಿ ಮಾಡಿದ, ದುಡ್ಡು ಕೈಗೆ ತೆಗೆದುಕೊಂಡ, ಮಳೆ ಬಂದರೆ ಗಾಡಿ ಒಳಗೆ ತಳ್ಳಿಕೊಂಡ. ನಿಮ್ಮ ಬಸ್ ಸ್ಟ್ಯಾಂಡಿನಲ್ಲಿ ಪಾಯಿಂಟ್‌ಗಳ ಎದುರಿಗೆ ಇರುವ ಅಂಗಡಿ ಯಾವುದು ನೋಡಿ. ಬೇಕರಿಯೋ, ಜೆರಾಕ್ಸ್ ಅಂಗಡಿಯೋ, ಸ್ವಸಹಾಯ ಸಂಘದವರ ಮಳಿಗೆಯೋ. ಅವರಿಗೆ ತಿಂಗಳಿಗೆ ಒಂದಿಷ್ಟು ಕೊಟ್ಟು ದಿನಕ್ಕೆರಡು ಸಲ ನೋಡುವ ಕೆಲಸ ವಹಿಸಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿ ಸಾಕೆಟ್‌ಗೂ ಟೆಸ್ಟರ್ ಹಾಕಿ ಪುಸ್ತಕದಲ್ಲಿ ಸರಿ ಅಥವಾ ತಪ್ಪು ಗುರುತು. ಕಂಪನಿಯ ಅಪ್‌ಟೈಮ್ ಲೆಕ್ಕದ ಎದುರು ಇಡಲು ನಿಮ್ಮ ಕೈಯಲ್ಲೂ ಒಂದು ಲೆಕ್ಕ ಇರುತ್ತದೆ. ಇಬ್ಬರು ಐಟಿಐ ಹುಡುಗರಿಗೆ ಫ್ಯೂಸ್, ಕಾಂಟ್ಯಾಕ್ಟರ್, ಫ್ಯಾನ್ ಬದಲಾಯಿಸುವುದನ್ನು ಕಂಪನಿಯೇ ಕಲಿಸಲಿ, ಬಿಡಿಭಾಗಗಳು ಮೂಡಿಗೆರೆಯಲ್ಲೇ ಒಂದು ಪೆಟ್ಟಿಗೆಯಲ್ಲಿ ಇರಲಿ. ಬೆಂಗಳೂರಿನಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವುದು ಅಂದರೆ ಮೂರು ದಿನ.

ದೀಪ, ಹೆಣ್ಣುಮಕ್ಕಳು ಧೈರ್ಯವಾಗಿ ನಿಲ್ಲುವಂಥ ಜಾಗ, ಶೌಚಾಲಯ ಇವೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ಪಾಯಿಂಟ್ ಮುಂದೆ ಬೇರೆ ಗಾಡಿ ನಿಲ್ಲಿಸದ ಹಾಗೆ ನೆಲಕ್ಕೆ ಬಣ್ಣ ಹೊಡೆಸಿ.

ಕಂಪನಿ ಇಷ್ಟಕ್ಕೆಲ್ಲ ಒಪ್ಪದಿದ್ದರೆ? ಸುಮ್ನೆ ಅವಸರ ಮಾಡಬೇಡಿ. ಚಾರ್ಜಿಂಗ್ ಸ್ಟೇಷನ್ ನಡೆಸಲು ಲೈಸೆನ್ಸ್ ಬೇಡ, 2018ರಿಂದಲೇ ಯಾರು ಬೇಕಾದರೂ ಹಾಕಬಹುದು. ರೆಸಾರ್ಟಿನವರಿಗೆ ಬೇಕಾದರೆ ತಮ್ಮ ಜಾಗದಲ್ಲಿ ತಾವೇ ಹಾಕಿಕೊಳ್ಳಲಿ, ಅದೂ ಒಳ್ಳೆಯದೇ. ಆದರೆ ಪಂಚಾಯಿತಿ ಜಾಗ ಒಮ್ಮೆ ಹತ್ತು ವರ್ಷಕ್ಕೆ ಕೊಟ್ಟರೆ ತಿರುಗಿ ಸಿಗುವುದಿಲ್ಲ. ಮೊದಲು ಆ ಮೂರು ದಿನದ ಲೆಕ್ಕ ಮಾಡಿ, ನೋಟ್‌ಬುಕ್ಕಿನ ಪುಟಗಳ ಫೋಟೋ ನನಗೆ ಕಳಿಸಿ. ಆಟೋದವರ ಸಂಘದವರನ್ನೂ ಮೆಸ್ಕಾಂ ಇಂಜಿನಿಯರನ್ನೂ ಒಂದೇ ದಿನ ಕರೆದರೆ ನಾನೂ ಹಾಸನದಿಂದ ಬರುತ್ತೇನೆ. ಟಿಸಿ ಎಲ್ಲಿದೆ, ಸಾಕೆಟ್ ಎಲ್ಲಿ, ಮಾಡಿನ ನೀರು ಯಾವ ಕಡೆ ಇಳಿಯಬೇಕು ಅಂತ ಜಾಗದಲ್ಲೇ ನಿಂತು ಗುರುತು ಮಾಡೋಣ.